ಅದೇ ಜಾಗ, ಎರಡನೇ ಸಲ

ಕಳೆದ ಹದಿನೆಂಟು ತಿಂಗಳಲ್ಲಿ ಆಯ್ತಪ್ಪನ ಮೇಜಿಗೆ ಒಂದೇ ಒಂದು ಮರುದೂರು ಬಂದಿರಲಿಲ್ಲ. ಲಿಫ್ಟುಗಳು ಕೆಡುತ್ತಿರಲಿಲ್ಲ ಎಂದು ಇದರ ಅರ್ಥವಲ್ಲ. ಅವು ಧಾರಾಳವಾಗಿ ಕೆಡುತ್ತಿದ್ದವು, ಕೆಟ್ಟಲ್ಲೇ ಮತ್ತೆ ಕೆಡುತ್ತಿದ್ದವು. ಕೆಡುವುದು ಲಿಫ್ಟಿನ ಧರ್ಮ. ಅದನ್ನು ಬೇರೆ ಹೆಸರಿನಲ್ಲಿ ಬರೆದುಕೊಳ್ಳುವುದು ಆಯ್ತಪ್ಪನ ವಿದ್ಯೆ.

ಲಿಫ್ಟು ರಿಪೇರಿ ಕಂಪನಿಯೊಂದರ ದೂರು ವಿಭಾಗದಲ್ಲಿ ಅವನಿಗೆ ಕೆಲಸ. (ಆಯ್ತಪ್ಪ ಎಂಬುದು ಆಫೀಸಿನವರು ಇಟ್ಟ ಹೆಸರು. ಯಾರು ಏನು ಹೇಳಿದರೂ 'ಆಯ್ತು, ಆಯ್ತು' ಎನ್ನುತ್ತಿದ್ದುದರಿಂದ ಅಂಟಿಕೊಂಡದ್ದು. ನಿಜವಾದ ಹೆಸರು ಈಗ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು.) ಆ ಕಂಪನಿಯಲ್ಲೊಂದು ನಿಯಮವಿತ್ತು. ಒಂದೇ ಲಿಫ್ಟು, ಒಂದೇ ಜಾಗದಲ್ಲಿ, ಆರು ತಿಂಗಳೊಳಗೆ ಎರಡನೇ ಸಲ ಕೆಟ್ಟರೆ ಅದು ಮರುದೂರು. ಅದಕ್ಕೆ ದೊಡ್ಡ ಮೇಸ್ತ್ರಿಯೇ ಹೊಸ ಬಿಡಿಭಾಗ ಹೊತ್ತುಕೊಂಡು ಅರ್ಧ ಗಂಟೆಯೊಳಗೆ ಓಡಬೇಕು. ಮೊದಲ ದೂರನ್ನು 'ಪರಿಹಾರವಾಗಿದೆ' ಎಂದು ಮುಚ್ಚಿದವನ ಹೆಸರಿನ ಮುಂದೆ ಒಂದು ಕಪ್ಪು ಚುಕ್ಕೆ ಬೀಳಬೇಕು. ಆದ್ದರಿಂದ ಆಯ್ತಪ್ಪನ ಪುಸ್ತಕದಲ್ಲಿ ಮೊದಲ ಸಲ 'ಬಾಗಿಲು ಮುಚ್ಚುತ್ತಿಲ್ಲ' ಎಂದಿದ್ದದ್ದು ಎರಡನೇ ಸಲ 'ಹೊಸ್ತಿಲಲ್ಲಿ ಧೂಳು' ಆಗುತ್ತಿತ್ತು, ಮೂರನೇ ಸಲ 'ಬಳಸುವವರು ಗುಂಡಿಯನ್ನು ಜೋರಾಗಿ ಒತ್ತುತ್ತಾರೆ' ಆಗುತ್ತಿತ್ತು. ಪ್ರತಿ ಸಲವೂ ಯಾರಾದರೂ ಹೋಗಿ ಬಟ್ಟೆಯಿಂದ ಒರೆಸಿ ಬರುತ್ತಿದ್ದರು. ಈ ಸಾಧನೆಗಾಗಿ ಕಂಪನಿ ಅವನಿಗೊಂದು ಗಾಜಿನ ಬಟ್ಟಲು ಕೊಟ್ಟಿತ್ತು. ಅದು ಮನೆಯಲ್ಲಿ ಫ್ರಿಜ್ಜಿನ ಮೇಲೆ ವಿರಾಜಮಾನವಾಗಿತ್ತು. ಹೆಂಡತಿ ಅದರಲ್ಲಿ ಪೆನ್ನುಗಳನ್ನು ಹಾಕಿಟ್ಟಿದ್ದಳು.

ಇನ್ನೊಂದು ಗೌರವವೂ ಅವನಿಗೆ ಸಂದಿತ್ತು. ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರು ಗಂಟೆಯ ಗುಂಡಿ ಒತ್ತಿದರೆ ಕೇಳುವ, ಮೊದಲೇ ರೆಕಾರ್ಡು ಮಾಡಿಟ್ಟ ದನಿ ಅವನದೇ. 'ಗಾಬರಿಯಾಗಬೇಡಿ. ನೀವು ಸುರಕ್ಷಿತವಾಗಿದ್ದೀರಿ. ನಮ್ಮವರು ಹೊರಟಿದ್ದಾರೆ.' ಹೊರಟಿದ್ದಾರೆ ಎಂದರೆ ಚಪ್ಪಲಿ ಹುಡುಕುತ್ತಿದ್ದಾರೆ ಎಂದರ್ಥ. ಆದರೆ ಅವನ ದನಿಯಲ್ಲಿ ಕೇಳಿದರೆ ಯಾರಿಗಾದರೂ ಬಾಗಿಲಾಚೆಯೇ ಬಂದು ನಿಂತಂತೆ ಅನ್ನಿಸುತ್ತಿತ್ತು.

ಆಫೀಸಿನ ವಿದ್ಯೆಯನ್ನು ಆಫೀಸಿನಲ್ಲೇ ಬಿಟ್ಟು ಬರುವವನು ಜಾಣ. ಆಯ್ತಪ್ಪ ಅದನ್ನು ಊಟದ ಡಬ್ಬಿಯ ಜೊತೆಗೆ ಮನೆಗೂ ತರುತ್ತಿದ್ದ.

ಅವನ ತಾಯಿ ಕಿಟಕಿಯ ಪಕ್ಕ ಹೊಲಿಗೆ ಮೆಷಿನ್ ಇಟ್ಟುಕೊಂಡು ನೆರೆಹೊರೆಯವರ ಪ್ಯಾಂಟುಗಳನ್ನು ಗಿಡ್ಡ ಮಾಡಿ, ಜಿಪ್ಪು ಬದಲಿಸಿ, ಬಿಗಿಯಾದದ್ದನ್ನು ಬಿಚ್ಚಿ ಕೊಡುತ್ತಿದ್ದಳು. ಎರಡು ವರ್ಷದ ಕೆಳಗೆ ಅವಳ ಎದೆ ಇದ್ದಕ್ಕಿದ್ದಂತೆ ತಾಳ ತಪ್ಪತೊಡಗಿತು. ಯಾರೋ ಎದೆಯೊಳಗೆ ಗುಂಡಿ ಡಬ್ಬಿ ಅಲ್ಲಾಡಿಸಿದ ಹಾಗೆ ಆಗುತ್ತದೆ ಎಂದಳು. ಹೃದಯದ ಕರೆಂಟು ನೋಡುವ ಡಾಕ್ಟರಮ್ಮ ಅದಕ್ಕೆ ಏಟ್ರಿಯಲ್ ಫಿಬ್ರಿಲೇಷನ್ ಎಂಬ ಉದ್ದದ ಹೆಸರು ಹೇಳಿದರು. ಹೃದಯದ ಮೇಲಿನ ಕೋಣೆಗಳು ಬಡಿಯುವುದನ್ನು ಬಿಟ್ಟು ನಡುಗುತ್ತವೆ. ಶ್ವಾಸಕೋಶದಿಂದ ಬರುವ ರಕ್ತನಾಳಗಳ ಬಾಯಿಂದ ಪೋಕರಿ ಕರೆಂಟು ಹೊರಟು ಒಳಗೆಲ್ಲ ದಾಂಧಲೆ ಮಾಡುತ್ತದೆ. ತೊಡೆಸಂದಿಯ ನಾಳದಿಂದ ತೆಳ್ಳನೆಯ ಕೊಳವೆ ಕಳಿಸಿ, ಆ ಬಾಯಿಗಳ ಸುತ್ತ ಸಣ್ಣಗೆ ಸುಟ್ಟು ಬೇಲಿ ಹಾಕಿದರೆ ಕರೆಂಟು ಒಳಗೆ ಬರುವುದಿಲ್ಲ. ಇದಕ್ಕೆ ಅಬ್ಲೇಷನ್ ಎನ್ನುತ್ತಾರೆ. ಕೆಲವರಿಗೆ ಎರಡನೇ ಸಲವೂ ಬೇಕಾಗುತ್ತದೆ ಎಂದೂ ಅವರು ಸ್ಪಷ್ಟವಾಗಿ ಹೇಳಿದ್ದರು.

ಆ ಕೊನೆಯ ವಾಕ್ಯವನ್ನು ಆಯ್ತಪ್ಪ ಮನೆಗೆ ತರುವ ದಾರಿಯಲ್ಲಿ ಎಲ್ಲೋ ಬೀಳಿಸಿಬಿಟ್ಟ. ಹೆದರಿ ಕೂತಿದ್ದ ತಾಯಿಗೆ ತನ್ನ ಲಿಫ್ಟಿನ ದನಿಯಲ್ಲಿ ಹೇಳಿದ: "ಒಂದೇ ಸಲ ಅಮ್ಮ. ಒಂದು ಸಲ ಆದ್ರೆ ಮುಗೀತು." ತಾಯಿ ಆ ಮಾತನ್ನು ಸೆರಗಿಗೆ ಕಟ್ಟಿಕೊಂಡು ಹೋಗಿ ಮಲಗಿದಳು. ಅಬ್ಲೇಷನ್ ಆಯಿತು. ಹನ್ನೊಂದು ತಿಂಗಳು ಎದೆ ಮೆಷಿನ್ನಿನ ಹಾಗೆ ನೆಟ್ಟಗೆ ಹೊಲಿಯಿತು.

ಹನ್ನೆರಡನೆಯ ತಿಂಗಳು ಒಂದು ಮಧ್ಯಾಹ್ನ ಮೆಷಿನ್ನು ಅರ್ಧ ಹೊಲಿಗೆಯಲ್ಲಿ ನಿಂತಿತು. ತಾಯಿ ಎದೆಯ ಮೇಲೆ ಕೈಯಿಟ್ಟುಕೊಂಡು, ಮತ್ತೆ ಡಬ್ಬಿ ಅಲ್ಲಾಡಿತು ಕಣೋ ಎಂದಳು.

ಸೆಕೆ, ಎಂದ ಆಯ್ತಪ್ಪ. ಫ್ಯಾನು ಬದಲಾಯಿತು. ಎರಡನೆಯ ಸಲ ಕಾಫಿಯ ಮೇಲೆ ಆಪಾದನೆ ಬಂದು ಕಾಫಿ ನಿಂತಿತು. ಮೂರನೆಯ ಸಲ ಉಪ್ಪು. ನಾಲ್ಕನೆಯ ಸಲ ಕೂರುವ ಸ್ಟೂಲಿನ ಎತ್ತರ. ಅದಕ್ಕೆ ದಿಂಬು ಬಂತು. ಐದನೆಯ ಸಲ ಟೀವಿಯ ವಾರ್ತೆ. (ಇದರಲ್ಲಿ ಸ್ವಲ್ಪ ನಿಜವಿದ್ದೀತು.) ಐದೂ ಬೇರೆ ಬೇರೆ ದೂರುಗಳು, ಐದಕ್ಕೂ ಬೇರೆ ಬೇರೆ ಪರಿಹಾರ. ವರ್ಷದ ತಪಾಸಣೆಗೆ ಬರಲಿಲ್ಲವೇಕೆ ಎಂದು ಆಸ್ಪತ್ರೆಯಿಂದ ಫೋನ್ ಬಂದಾಗ, ಆರಾಮಾಗಿದ್ದಾರೆ, ಪುರಸೊತ್ತು ಮಾಡಿಕೊಂಡು ಬರುತ್ತೇವೆ ಎಂದು ಅವನೇ ಹೇಳಿಬಿಟ್ಟ. ಆರನೆಯ ಸಲ ತಾಯಿ ಏನೂ ಹೇಳಲಿಲ್ಲ. ಏಳನೆಯ ಸಲವೂ ಇಲ್ಲ. ದೂರು ನಿಂತಿತು ಎಂದರೆ ರಿಪೇರಿ ಆಯಿತು ಎಂದೇ ಆಯ್ತಪ್ಪ ಕಲಿತದ್ದು. ನಾಲ್ಕು ತಿಂಗಳು ಅವನು ನೆಮ್ಮದಿಯಾಗಿ ನಿದ್ದೆ ಮಾಡಿದ.

ಆ ನಿದ್ದೆಯನ್ನು ಕೆಡಿಸಿದವಳು ಹೆಂಡತಿ. ಅವಳು ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ದಿನವಿಡೀ 'ಇದರಲ್ಲಿ ಚೆನ್ನಾಗಿ ಕಾಣುತ್ತಾ, ಅದರಲ್ಲಾ?' ಎಂದು ಕೇಳಿ ಕೇಳಿ, ಅವಳ ಮುಂದೆ ಮಂಜುಮಂಜಾದ ಉತ್ತರ ಕೊಟ್ಟು ಬಚಾವಾಗುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಒಂದು ಭಾನುವಾರ ಗಾಜು ಒರೆಸಲು ಚೂರು ಬಟ್ಟೆ ಬೇಕಾಗಿ ಅತ್ತೆಯ ಮೆಷಿನ್ನಿನ ಡ್ರಾಯರು ಎಳೆದಳು. ಒಳಗೆ ಬೆರಳಗಲದ ಬಿಳಿ ಪಟ್ಟಿಯೊಂದು ಸುರುಳಿ ಸುತ್ತಿಕೊಂಡು ಕೂತಿತ್ತು. ಬಿಚ್ಚಿದರೆ ಬಿಚ್ಚುತ್ತಲೇ ಹೋಯಿತು. ಉದ್ದಕ್ಕೂ ಕೆಂಪು ದಾರದ ಹೊಲಿಗೆ, ನಡುನಡುವೆ ಗಂಟುಗಳು.

ಅತ್ತೆ ಮೊದಲು ಏನೂ ಇಲ್ಲ ಕಣಮ್ಮ ಎಂದಳು. ಸೊಸೆ ಒಂದು ಹೊಲಿಗೆಯ ಮೇಲೆ ಬೆರಳಿಟ್ಟು, ಇದು ದಿನವಾ, ವಾರವಾ ಎಂದು ಕೇಳಿದಳು. ಆಮೇಲೆ ಗಂಟಿನ ಮೇಲೆ ಬೆರಳಿಟ್ಟಳು. ಎಲ್ಲ ಹೊರಗೆ ಬಂತು. ದಿನಕ್ಕೊಂದು ಹೊಲಿಗೆ. ಡಬ್ಬಿ ಅಲ್ಲಾಡಿದ ದಿನ ಒಂದು ಗಂಟು. ಕಣ್ಣು ಕತ್ತಲೆ ಬಂದು ನೆಲಕ್ಕೆ ಕೂತ ದಿನ ಜೋಡಿ ಗಂಟು. ನಾಲ್ಕು ತಿಂಗಳಲ್ಲಿ ನಲವತ್ತೊಂದು ಗಂಟು. ಅದರಲ್ಲಿ ಏಳು ಜೋಡಿ.

"ರೀ, ಸ್ವಲ್ಪ ಬನ್ನಿ ಇಲ್ಲಿ" ಎಂದಳು ಹೆಂಡತಿ. ಅವಳು ಇಷ್ಟು ಮೆತ್ತಗೆ ಕರೆದರೆ ಚಪ್ಪಲಿ ಹಾಕಿಕೊಂಡು ಹೊರಗೆ ಹೋಗುವುದು ವಾಡಿಕೆ. ಅವತ್ತು ಆಯ್ತಪ್ಪ ಬಂದ. ಪಟ್ಟಿಯನ್ನು ನೋಡಿದ. ಯಾಕಮ್ಮ ಹೇಳಲಿಲ್ಲ ಎಂದು ಕೇಳಿದ.

"ಹೇಳಿದ್ರೆ ಇನ್ನೊಂದು ಏನಾದ್ರೂ ನಿಲ್ಲಿಸ್ತಿದ್ದೆ" ಎಂದಳು ತಾಯಿ. "ಕಾಫಿ ಹೋಯ್ತು, ಉಪ್ಪು ಹೋಯ್ತು. ಇನ್ನು ಉಳಿದಿರೋದು ಉಸಿರೊಂದು."

ಡಾಕ್ಟರಮ್ಮ ಆ ಪಟ್ಟಿಯನ್ನು ಮೇಜಿನುದ್ದಕ್ಕೂ ಬಿಡಿಸಿಟ್ಟುಕೊಂಡು, ಎದೆಯ ಗ್ರಾಫು ಓದುವಷ್ಟೇ ಶ್ರದ್ಧೆಯಿಂದ ಓದಿದರು. ಒಂದು ವಾರ ತಾಯಿಯ ಎದೆಗೆ ಅಂಟಿಸಿ ಕಳಿಸಿದ ಯಂತ್ರವೂ ಬಂದು ಅದನ್ನೇ ಹೇಳಿತು. ಆ ವಾರ ತಾಯಿ ಹಾಕಿದ್ದು ಮೂರು ಗಂಟು, ಯಂತ್ರ ಹಿಡಿದದ್ದೂ ಮೂರು. ಹಳೆಯ ಬೇಲಿಯ ಸುಟ್ಟ ಗಾಯ ಎಲ್ಲೋ ಮಾಯ್ದು ಸಂದಿ ಬಿಟ್ಟಿದೆ, ಕರೆಂಟು ಅಲ್ಲಿಂದ ನುಗ್ಗುತ್ತಿದೆ, ಮತ್ತೆ ಅಬ್ಲೇಷನ್ ಮಾಡುವುದು ಒಳ್ಳೆಯದು ಎಂದರು. ಆರು ತಿಂಗಳು ಮೊದಲೇ ಬಂದಿದ್ದರೆ ಇನ್ನೂ ಚೆನ್ನಾಗಿತ್ತು, ಈಗ ಮೇಲಿನ ಕೋಣೆ ಸ್ವಲ್ಪ ಹಿಗ್ಗಿದೆ ಎಂದೂ ಸೇರಿಸಿದರು. ತಾಯಿ ಮಗನ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಮುಳುಗುವವನಿಗೆ ಹುಲ್ಲುಕಡ್ಡಿ ಎಂಬಂತೆ ಆಯ್ತಪ್ಪ ಕೇಳಿದ: "ಇದು ಬೇರೆ ಏನಾದ್ರೂ ಹೊಸದಾಗಿ ಬಂದಿದ್ದಿರಬಹುದಲ್ವಾ ಡಾಕ್ಟ್ರೇ?"

"ಅಲ್ಲ" ಎಂದರು ಅವರು. "ಅದೇ ಜಾಗ. ಎರಡನೇ ಸಲ."

ಮನೆಗೆ ಬಂದ ಮೇಲೆ ತಾಯಿ ಮೆಷಿನ್ನಿನ ಮುಂದೆ ಕೂತು, ತಾನು ಹೋಗುವುದಿಲ್ಲ ಎಂದುಬಿಟ್ಟಳು. ಮಾತ್ರೆ ನುಂಗುತ್ತೇನೆ, ನಡೆದಷ್ಟು ದಿನ ನಡೆಯಲಿ. ಕೊಳವೆಗೆ ಹೆದರಿಕೆಯಿಲ್ಲ, ಸುಡುವುದಕ್ಕೂ ಇಲ್ಲ. "ಒಂದೇ ಸಲ ಅಂದಿದ್ದೆ ನೀನು. ಇನ್ನು ಯಾರ ಮಾತು ನಂಬಿ ಮಲಗಲಿ?"

ಗ್ರಾಹಕರು ಇಂಥ ಪ್ರಶ್ನೆ ಕೇಳಿದಾಗ ಹೇಳಬೇಕಾದ ಏಳು ಉತ್ತರಗಳು ಆಯ್ತಪ್ಪನಿಗೆ ಬಾಯಿಪಾಠವಿದ್ದವು. ಏಳನ್ನೂ ನುಂಗಿಕೊಂಡು ಅಡುಗೆಮನೆಗೆ ನಡೆದ. ಅಲ್ಲಿ ಹೆಂಡತಿ ಕನ್ನಡಕ ತೆಗೆದು ಒರೆಸುತ್ತಾ, ಡಾಕ್ಟರು ಏನು ಹೇಳಿದರೋ ಅಷ್ಟನ್ನೂ ದಾರಿಯಲ್ಲಿ ಬೀಳಿಸದೆ ಅತ್ತೆಯ ಮುಂದೆ ಇಡಿ, ಕೂಡಿಸಲೂ ಬೇಡಿ ಕಳೆಯಲೂ ಬೇಡಿ ಎಂದಳು.

ಅವನು ವಾಪಸು ಬಂದು ಮೆಷಿನ್ನಿನ ಪಕ್ಕ ನೆಲದ ಮೇಲೆ ಕೂತ. ಕೂತ ಜಾಗದಲ್ಲಿ ಗುಂಡುಸೂಜಿಯಿತ್ತು. ಅದಕ್ಕೂ ತಾನು ಅರ್ಹನೆಂದು ಸುಮ್ಮನಾದ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಬಾರದು ಎಂದು ಹೇಳಿದ. ತೊಡೆಸಂದಿಯಲ್ಲಿ ರಕ್ತ ಹೆಪ್ಪುಗಟ್ಟಿ ಊದಬಹುದು, ಹೃದಯದ ಸುತ್ತ ರಕ್ತ ಸೋರಬಹುದು, ಪಾರ್ಶ್ವವಾಯುವಿನ ಭಯವೂ ಇದೆ, ಇವೆಲ್ಲ ಅಪರೂಪ ಆದರೆ ಇಲ್ಲವೆಂದಲ್ಲ ಎಂದು ಹೇಳಿದ. ಆದ ಮೇಲೆ ಮೂರು ತಿಂಗಳು ಗಾಯ ಮಾಯುವ ಕಾಲ, ಅಷ್ಟರೊಳಗೆ ಎದೆ ಹಾರಿದರೆ ಸೋತೆವೆಂದಲ್ಲ, ಹಾರದಿದ್ದರೆ ಗೆದ್ದೆವೆಂದೂ ಅಲ್ಲ.

"ಆಮೇಲೆ ನಿಲ್ಲುತ್ತಾ?" ಎಂದು ಕೇಳಿದಳು ತಾಯಿ.

"ಗೊತ್ತಿಲ್ಲ ಅಮ್ಮ" ಎಂದ ಆಯ್ತಪ್ಪ. 'ಗೊತ್ತಿಲ್ಲ' ಎಂಬ ಪದ ಬಾಯಿಂದ ಬಂದದ್ದು ಅವನ ಉದ್ಯೋಗಜೀವನದಲ್ಲೇ ಮೊದಲು. "ನಿಲ್ಲೋ ಸಾಧ್ಯತೆ ಜಾಸ್ತಿ ಅಂದ್ರು. ಗ್ಯಾರಂಟಿ ಅನ್ನಲಿಲ್ಲ."

ತಾಯಿ ದಾರವನ್ನು ಹಲ್ಲಿನಿಂದ ಕಡಿದಳು. ಕೈಯಲ್ಲಿದ್ದ ಪ್ಯಾಂಟಿನ ಅಂಚನ್ನು ಸವರಿದಳು.

"ಹೊಲಿಗೆ ಬಿಟ್ಟರೆ ಬಟ್ಟೆ ಎಸೀತಾರೇನೋ? ಬಿಟ್ಟ ಜಾಗ ಹುಡುಕಿ ಮತ್ತೆ ಹಾಕ್ತಾರೆ. ಇಷ್ಟನ್ನ ಅವತ್ತೇ ಹೇಳಿದ್ದರೆ ನಾನೇನು ಓಡಿಹೋಗ್ತಿದ್ದೆನಾ?" ಎಂದಳು. ಆಮೇಲೆ ಒಂದು ಕರಾರು ಹಾಕಿದಳು. "ಬಾಗಿಲಲ್ಲೇ ಇರಬೇಕು ನೀನು. ಡಾಕ್ಟ್ರು ಹೊರಗೆ ಬಂದು ಏನು ಹೇಳ್ತಾರೋ ನಿನ್ನ ಕಿವೀಲೇ ಕೇಳಿ, ಒಂದಕ್ಷರ ಬಿಡದೆ ನಂಗೆ ಹೇಳಬೇಕು. ಕಣ್ಣು ಬಿಟ್ಟ ತಕ್ಷಣ."

ಆಯ್ತು ಎಂದ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಅಬ್ಲೇಷನ್ನಿನ ದಿನ ಬೆಳಿಗ್ಗೆ ಆಸ್ಪತ್ರೆಯ ಐದನೆಯ ಮಹಡಿಯ ಎರಡು ಕದದ ಬಾಗಿಲ ಮುಂದೆ ಅವನು ದ್ವಾರಪಾಲಕನ ಹಾಗೆ ನಿಂತಿದ್ದ. ಒಳಗೆ ಹೋಗುವಾಗ ತಾಯಿ ಹಸಿರು ಟೊಪ್ಪಿಯ ಅಂಚನ್ನು ಬೆರಳಲ್ಲಿ ಹಿಡಿದು, ಹೊಲಿಗೆ ಸೊಟ್ಟ ಇದೆ ಎಂದಿದ್ದಳು. ಅಂಗಡಿಯಲ್ಲಿ ಅರ್ಧ ದಿನದ ರಜೆ ಮಾತ್ರ ಸಿಕ್ಕಿದ್ದರಿಂದ ಹೆಂಡತಿ ಮಧ್ಯಾಹ್ನಕ್ಕೆ ಬರುವವಳಿದ್ದಳು. ಎರಡು ಗಂಟೆ ಕಳೆಯಿತು. ಕೂತರೆ ಬಾಗಿಲು ಕಾಣುವುದಿಲ್ಲವೆಂದು ಅವನು ಕುರ್ಚಿಯನ್ನೂ ಮುಟ್ಟಲಿಲ್ಲ. ಅಷ್ಟರಲ್ಲಿ ನರ್ಸು ಬಂದು, ಕೆಳಗಿನ ಕೌಂಟರಿನಲ್ಲಿ ಒಂದು ಕಾಗದಕ್ಕೆ ಮನೆಯವರ ಸಹಿ ಬಿಟ್ಟುಹೋಗಿದೆ, ಹಾಕಿ ಬನ್ನಿ, ಇನ್ನೂ ಒಂದು ಗಂಟೆಯಾದರೂ ಇದೆ ಎಂದಳು. ಅವನು ಎರಡು ಸಲ ಕೇಳಿ ಖಚಿತಮಾಡಿಕೊಂಡು, ಮೆಟ್ಟಿಲಿಳಿದು ಓಡಿ, ಸಹಿ ಹಾಕಿ, ವಾಪಸು ಬರುವಾಗ ಬೇಗ ಆಗಲೆಂದು ಲಿಫ್ಟು ಹತ್ತಿದ.

ಒಳಗೆ ಒಗೆದ ಬಟ್ಟೆಯ ಗಾಡಿ ಹಿಡಿದ ಆಯಾ ಒಬ್ಬಳಿದ್ದಳು. ಮೂರನೆಯ ಮಹಡಿ ಬಂತು, ಬಾಗಿಲು ಅರ್ಧ ತೆರೆದಂತೆ ಮಾಡಿ ಮತ್ತೆ ಮುಚ್ಚಿತು, ಲಿಫ್ಟು ಒಂದು ಮೊಳ ಮೇಲೇರಿ ಗಕ್ಕನೆ ನಿಂತಿತು. ಆಯಾ ಬೆಚ್ಚಲಿಲ್ಲ. ಬಟ್ಟೆಯ ಗಂಟೊಂದನ್ನು ಕೆಳಗಿಳಿಸಿ ಅದರ ಮೇಲೆ ಕೂತಳು.

"ಇದು ಯಾವಾಗಲೂ ಇಲ್ಲೇ ನಿಲ್ಲೋದು. ಕೂತ್ಕೊಳ್ಳಿ" ಎಂದಳು. "ಯಾರೋ ಪುಣ್ಯಾತ್ಮರು ಬರ್ತಾರೆ, ಒರೆಸ್ತಾರೆ, ಹೋಗ್ತಾರೆ."

ಆಯ್ತಪ್ಪ ಗೋಡೆಯ ಮೇಲಿನ ತಗಡಿನಲ್ಲಿದ್ದ ನಂಬರು ಓದಿದ. ಆ ನಂಬರು ಅವನಿಗೆ ಗೊತ್ತಿತ್ತು. ಮೂರು ವಾರದ ಕೆಳಗೆ ತಾನೇ ಮುಚ್ಚಿದ್ದ ದೂರು: ಮೂರನೇ ಮಹಡಿ, ಹೊಸ್ತಿಲಲ್ಲಿ ಧೂಳು. ಗಂಟೆಯ ಗುಂಡಿ ಒತ್ತಿದ.

'ಗಾಬರಿಯಾಗಬೇಡಿ' ಎಂದಿತು ಅವನದೇ ದನಿ, ಎಣ್ಣೆ ಸವರಿದಷ್ಟು ನಯವಾಗಿ. 'ನೀವು ಸುರಕ್ಷಿತವಾಗಿದ್ದೀರಿ. ನಮ್ಮವರು ಹೊರಟಿದ್ದಾರೆ.'

"ಸುಳ್ಳ" ಎಂದಳು ಆಯಾ, ಕೋಪವಿಲ್ಲದೆ.

ಅವನ ಎದೆ ಹಾರತೊಡಗಿತು. ಗುಂಡಿ ಡಬ್ಬಿ ಎಂದರೆ ಏನೆಂದು ಅವನಿಗೆ ಮೊದಲ ಬಾರಿಗೆ ತಿಳಿಯಿತು; ಅವನದು ಬರೀ ಹೆದರಿಕೆ, ತಾಯಿಯದು ನಿಜವಾದದ್ದು, ಅದನ್ನು ಇಟ್ಟುಕೊಂಡು ಅವಳು ನಾಲ್ಕು ತಿಂಗಳು ಪ್ಯಾಂಟುಗಳನ್ನು ಗಿಡ್ಡ ಮಾಡಿದ್ದಳು. ಮೇಲೆ ಎರಡು ಮಹಡಿಯಾಚೆ ಆ ಬಾಗಿಲು ಯಾವ ಗಳಿಗೆಯಲ್ಲಾದರೂ ತೆರೆಯಬಹುದಿತ್ತು. ಆಫೀಸಿಗೆ ಫೋನ್ ಮಾಡಿದ. ಪಕ್ಕದ ಮೇಜಿನವನು ಎತ್ತಿದ, ವಿಷಯ ಕೇಳಿ ಮರುಗಿದ, ಈಗಲೇ ನೋಡುತ್ತೇನೆ ಎಂದ. ಐದು ನಿಮಿಷಕ್ಕೆ ಆಯ್ತಪ್ಪನ ಫೋನಿಗೆ ಸಂದೇಶ ಬಂತು: 'ನಿಮ್ಮ ದೂರು ಪರಿಹಾರವಾಗಿದೆ. ವಂದನೆಗಳು.' ಆ ಸಂದೇಶದ ಒಕ್ಕಣೆಯೂ ಅವನದೇ.

ಮತ್ತೆ ಫೋನ್ ಮಾಡಿದ. ಪಕ್ಕದ ಮೇಜಿನವನು ಪಿಸುಮಾತಿನಲ್ಲಿ, ನಿನ್ನ ಹದಿನೆಂಟು ತಿಂಗಳ ಹೆಸರು ಕೆಡಬಾರದೆಂದೇ ಹಾಗೆ ಮುಚ್ಚಿದೆ, ಇನ್ನೂ ಒಳಗಿದ್ದರೆ ಹೊಸ ದೂರು ಬರೆದುಕೊಳ್ಳುತ್ತೇನೆ, 'ಪ್ರಯಾಣಿಕರು ಬಾಗಿಲಿಗೆ ಒರಗಿದರು' ಎಂದು ಹಾಕಲೇ ಎಂದು ಕೇಳಿದ. ಅದರಲ್ಲಿ ಕಪಟವಿರಲಿಲ್ಲ. ಆಯ್ತಪ್ಪನೇ ಕಲಿಸಿದ ಪಾಠ.

"ಬೇಡ" ಎಂದ ಆಯ್ತಪ್ಪ. "ಮರುದೂರು ಅಂತ ಬರ್ಕೋ. ಮೂರನೇ ಮಹಡಿ ಬಾಗಿಲು. ಅದೇ ಜಾಗ, ಎರಡನೇ ಸಲ."

"ಐದನೇ ಸಲ" ಎಂದಳು ಆಯಾ ಗಂಟಿನ ಮೇಲಿಂದ.

ಆಯ್ತಪ್ಪ ಉಸಿರೆಳೆದುಕೊಂಡ. "ಐದನೇ ಸಲ ಅಂತ ಬರ್ಕೋ. ಮುಚ್ಚಿದ್ದು ನಾನೇ, ಹೆಸರು ಹಾಕು."

ಕಂಪನಿಯ ನಿಯಮದಲ್ಲಿ ಸತ್ಯಕ್ಕೆ ಒಂದು ಲಾಭವನ್ನು ಇಟ್ಟಿದ್ದರು. ಅದು ಅವನಿಗೆ ಇಷ್ಟು ದಿನ ಕಂಡಿರಲಿಲ್ಲ. ಮರುದೂರು ಎಂದ ಕೂಡಲೇ ದೊಡ್ಡ ಮೇಸ್ತ್ರಿ ನಿಜಕ್ಕೂ ಹೊರಟರು, ಚಪ್ಪಲಿ ಹುಡುಕದೆ. ಇಪ್ಪತ್ತೈದು ನಿಮಿಷಕ್ಕೆ ಬಾಗಿಲು ತೆರೆಯಿತು. ಬಾಗಿಲಿನ ಸವೆದು ಹೋದ ರೋಲರೊಂದನ್ನು ಹಿಡಿದು ನಿಂತಿದ್ದ ಮೇಸ್ತ್ರಿ, ಇದನ್ನು ಬದಲಿಸಲು ಹತ್ತು ನಿಮಿಷ, ಯಾರು ಮಾರಾಯ ಇಷ್ಟು ದಿನ ಧೂಳು ಅಂತ ಬರೆದವನು ಎಂದು ಕೇಳಿದರು. ಉತ್ತರ ಕೊಡಲು ಆಯ್ತಪ್ಪ ಅಲ್ಲಿರಲಿಲ್ಲ, ಮೆಟ್ಟಿಲ ಮೇಲಿದ್ದ.

ಐದನೆಯ ಮಹಡಿಯ ಬಾಗಿಲ ಮುಂದೆ ಹೆಂಡತಿ ನಿಂತಿದ್ದಳು. ಮನಸ್ಸು ತಡೆಯದೆ ಬೇಗ ಬಂದಿದ್ದಳು. ಅಂದುಕೊಂಡದ್ದಕ್ಕಿಂತ ಬೇಗ ಮುಗಿದು, ಡಾಕ್ಟರಮ್ಮ ಹೊರಗೆ ಬಂದು, ಹೇಳಬೇಕಾದ್ದನ್ನು ಹೇಳಿ, ಹೋಗಿ ಹತ್ತು ನಿಮಿಷವಾಗಿತ್ತು. ಅವಳು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಡಾಕ್ಟರಿಂದ ಕೇಳಿದ್ದನ್ನೆಲ್ಲ ಅವನ ಕಿವಿಗೆ ಹಾಕಿದಳು. ಹಳೆಯ ಬೇಲಿಯಲ್ಲಿ ಎರಡು ಕಡೆ ಸಂದಿ ಸಿಕ್ಕಿತು. ಎರಡನ್ನೂ ಮುಚ್ಚಿದ್ದಾರೆ. ತೊಂದರೆಯೇನೂ ಆಗಿಲ್ಲ. ಸಂಜೆಯವರೆಗೆ ಅಂಗಾತ ಮಲಗಿರಬೇಕು, ಬಲಗಾಲು ಮಡಚುವಂತಿಲ್ಲ, ತಲೆ ಎತ್ತುವಂತಿಲ್ಲ.

ತಾಯಿ ಕಣ್ಣು ಬಿಟ್ಟಾಗ ಅವನು ಎದುರಿಗೇ ಇದ್ದ. ಎಲ್ಲ ಮಾತೂ ಬಾಯಲ್ಲಿ ಸಿದ್ಧವಿತ್ತು. ಡಾಕ್ಟರು ಹೇಳಿದರು ಎಂದು ಶುರುಮಾಡಿದರೆ ಸಾಕು, ಯಾವ ಕಿವಿಯಲ್ಲಿ ಕೇಳಿದ್ದೆಂದು ಯಾರು ತನಿಖೆ ಮಾಡುತ್ತಿದ್ದರು? ಹೆಂಡತಿ ಕಣ್ಣು ಪರೀಕ್ಷೆಗೆ ಕೂರಿಸಿದವಳ ಹಾಗೆ ಅವನನ್ನೇ ನೋಡುತ್ತಿದ್ದಳು.

"ನಾನು ಬಾಗಿಲಲ್ಲಿ ಇರಲಿಲ್ಲ ಅಮ್ಮ" ಎಂದ. "ಡಾಕ್ಟ್ರು ಬಂದಾಗ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ದೆ. ಕೇಳಿದ್ದು ಇವಳು."

ತಾಯಿ ಕೇಳಿದಳು: "ಯಾರ ಲಿಫ್ಟು?"

"ನಮ್ಮದೇ."

ಬಿಳಿ ಹೊದಿಕೆಯ ಕೆಳಗೆ ಹೊಟ್ಟೆ ಕುಲುಕತೊಡಗಿತು. ನರ್ಸು ಓಡಿಬಂದು, ನಗಬಾರದು ಅಜ್ಜಿ, ಗಾಯದ ಮೇಲೆ ಒತ್ತಡ ಬೀಳುತ್ತದೆ ಎಂದು ಗದರಿದಳು. ತಾಯಿ ತುಟಿ ಕಚ್ಚಿ ಹಿಡಿದಳು. ಕಣ್ಣಂಚಿನಿಂದ ನೀರಿಳಿದು ಕಿವಿಯತ್ತ ಹೋಯಿತು. ಅದು ನಗೆಯದೋ ಇನ್ನಾವುದರದೋ ಎಂದು ಆಯ್ತಪ್ಪ ಕೇಳಲಿಲ್ಲ. ಹೊದಿಕೆಯ ಕೆಳಗಿಂದ ಒಂದು ಕೈ ಬಂದು ಅವನ ಕೈ ಹಿಡಿಯಿತು. "ಸರಿ. ಅವಳು ಹೇಳಲಿ. ನೀನು ನಿಂತು ಕೇಳು" ಎಂದಳು.

ಸೋಮವಾರ ಆಫೀಸಿನ ಫಲಕದಲ್ಲಿ ಅವನ ಹೆಸರಿನ ಮುಂದೆ ನಾಲ್ಕು ಕಪ್ಪು ಚುಕ್ಕೆಗಳಿದ್ದವು. ಗಾಜಿನ ಬಟ್ಟಲನ್ನು ವಾಪಸು ಕೇಳಿದರು. ಹೆಂಡತಿ ಪೆನ್ನುಗಳನ್ನು ತೆಗೆದು, ತೊಳೆದು ಕಳಿಸಿದಳು. ಅದು ಪಕ್ಕದ ಮೇಜಿಗೆ ಹೋಯಿತು: ಮನುಷ್ಯ ಒಳಗಿರುವಾಗಲೇ ದೂರು ಮುಚ್ಚಿದ ಸಾಹಸಿಗೆ.

ತಾಯಿ ಹೊಸ ಪಟ್ಟಿ ಶುರುಮಾಡಿದಳು. ಈ ಸಲ ಡ್ರಾಯರಿನಲ್ಲಲ್ಲ, ಕಿಟಕಿಯ ಸರಳಿಗೆ ಎಲ್ಲರಿಗೂ ಕಾಣುವಂತೆ ನೇತುಹಾಕಿ. ಅದರ ಪಕ್ಕದಲ್ಲೇ ನೀಲಿ ದಾರದ ಇನ್ನೊಂದು ಪಟ್ಟಿ ಮಗನಿಗೆ. ಕೇಳಿಸಿಕೊಳ್ಳದೆಯೇ ಅವನು 'ಆಯ್ತು' ಎಂದಾಗಲೆಲ್ಲ ಅದರಲ್ಲೊಂದು ಗಂಟು ಬೀಳುತ್ತಿತ್ತು. ಗಂಟು ಹಾಕುವ ಅಧಿಕಾರ ಅತ್ತೆಗೆ, ಸಾಕ್ಷಿ ಹೇಳುವ ಅಧಿಕಾರ ಸೊಸೆಗೆ. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಮೂರು ತಿಂಗಳಾದ ಮೇಲೆ ಮೂವರೂ ಡಾಕ್ಟರಮ್ಮನ ಮುಂದೆ ಕೂತರು. ತಾಯಿ ಚೀಲದಿಂದ ಸುರುಳಿ ತೆಗೆದು ಕೊಟ್ಟಳು. ಡಾಕ್ಟರಮ್ಮ ಬಿಡಿಸಿದರು. ಒಂದು ಮೊಳ ಬಿಡಿಸುವಷ್ಟರಲ್ಲಿ ಅವರ ಹುಬ್ಬು ಗಂಟಾಯಿತು. ಇದೇನಮ್ಮ, ದಿನಕ್ಕೆ ಏಳೆಂಟು ಸಲ, ಒಂದು ದಿನವೂ ಬಿಡುವೇ ಇಲ್ಲವಲ್ಲ, ಇವತ್ತೇ ಅಡ್ಮಿಟ್ ಆಗಬೇಕಾಗುತ್ತದೆ ಎಂದರು. ಆಯ್ತಪ್ಪ ಗಾಬರಿಯಿಂದ ತಾಯಿಯ ಕಡೆ ತಿರುಗಿದ. ಕಿಟಕಿಯಲ್ಲಿ ತಾನು ದಿನಾ ನೋಡುತ್ತಿದ್ದುದು ಹೀಗಿರಲಿಲ್ಲವಲ್ಲ, ಮತ್ತೆ ಮುಚ್ಚಿಟ್ಟಳೇ?

ತಾಯಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು.

"ಅದು ಇವನದು ಡಾಕ್ಟ್ರೇ, ನೀಲಿ ದಾರ" ಎಂದಳು. "ಅದಕ್ಕೆ ನಿಮ್ಮಲ್ಲಿ ಕೊಳವೆ ಇಲ್ಲ. ನನ್ನದು ತಗೊಳ್ಳಿ, ಕೆಂಪು."

ಕೆಂಪು ಪಟ್ಟಿಯಲ್ಲಿ ಮೊದಲ ತಿಂಗಳು ಆರು ಗಂಟು, ಎರಡನೆಯ ತಿಂಗಳು ಎರಡು. ಅಲ್ಲಿಂದಾಚೆ ಹೊಲಿಗೆ ನೆಟ್ಟಗೆ ಹೋಗಿತ್ತು. ಡಾಕ್ಟರಮ್ಮ ಅದರ ಮೇಲೆ ಬೆರಳಾಡಿಸಿ, ಗ್ರಾಫನ್ನೂ ನೋಡಿ, ಚೆನ್ನಾಗಿದೆ ಎಂದರು. ಆದರೆ ಮುಗಿಯಿತು ಅಂದುಕೊಳ್ಳಬೇಡಿ, ಮಾತ್ರೆ ನಿಲ್ಲಿಸಬೇಡಿ, ಪಟ್ಟಿ ಮುಂದುವರಿಸಿ, ಮತ್ತೆ ಮೂರು ತಿಂಗಳಿಗೆ ಬನ್ನಿ ಎಂದರು.

"ಆಯ್ತು ಡಾಕ್ಟ್ರೇ" ಎಂದ ಆಯ್ತಪ್ಪ, ಮೈಯೆಲ್ಲ ಹಗುರಾಗಿ.

ಹೆಂಡತಿ ಅತ್ತೆಯ ಕಡೆ ನೋಡಿದಳು. ಅತ್ತೆ ಮೇಜಿನ ಮೇಲಿನ ನೀಲಿ ಪಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಚೀಲದೊಳಗೆ ಸೂಜಿ ಹುಡುಕತೊಡಗಿದಳು.